ಓಟದ ನಾಯಿಯೂ ಮನೆಯ ನಾಯಿಯೂ

ಅಮೆರಿಕದ ವ್ಯಂಗ್ಯಚಿತ್ರ ಕುಟುಂಬವೊಂದರ ಕಂದುಬಣ್ಣದ ಬಡಕಲು ನಾಯಿಯನ್ನು ದೂರದರ್ಶನದಲ್ಲಿ ನೋಡಿ ಮನೆಯ ಮಕ್ಕಳು ನಗುವುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಆ ದೇಶಕ್ಕೆ ವ್ಯಾಸಂಗಕ್ಕೆಂದು ಹೋದ ಮಕ್ಕಳು ಕಳುಹಿಸಿದ ಚಿತ್ರಗಳಲ್ಲಿ, ಉದ್ದನೆಯ ಬಸ್ಸೊಂದರ ಮೈಮೇಲೆ ನಾಲ್ಕು ಕಾಲುಗಳನ್ನೂ ಚಾಚಿ ಗಾಳಿಯಲ್ಲಿ ತೇಲುವಂತೆ ಓಡುವ ನಾಯಿಯ ಲಾಂಛನವನ್ನು ಇನ್ನು ಕೆಲವರು ನೋಡಿರಬಹುದು. ಇವೆರಡೂ ಒಂದೇ ಜಾತಿಯ ನಾಯಿಗಳು. ಆ ಜಾತಿಗೆ ಗ್ರೇಹೌಂಡು ಎಂದು ಹೆಸರು. ಕಥೆ, ಹಾಡು, ಸಿನಿಮಾ, ಜಾಹೀರಾತುಗಳಲ್ಲಿ ಇದರಷ್ಟು ಮೆರೆದ ನಾಯಿಗಳು ವಿರಳ. ಆದರೆ ಚಿತ್ರದಲ್ಲಿ ಮೆರೆಯುವುದು ಬೇರೆ, ಬದುಕಿನಲ್ಲಿ ಸುಖಪಡುವುದು ಬೇರೆ. ಈ ಪ್ರಾಣಿಯನ್ನು ಲೋಕವು ಹೇಗೆ ಕೊಂಡಾಡಿತು, ಕೊಂಡಾಡಿದ ಕೈಗಳೇ ಅದನ್ನು ಹೇಗೆ ನಡೆಸಿಕೊಂಡುವು ಎಂಬುದನ್ನು ಗೃಹಸ್ಥರಾದ ನಾವು ಸ್ವಲ್ಪ ವಿಚಾರಿಸಿ ನೋಡುವುದು ಅನುಚಿತವಾಗಲಾರದು.

ಗ್ರೇಹೌಂಡು ವಾಸನೆ ಹಿಡಿದು ಬೇಟೆಯಾಡುವ ನಾಯಿಯಲ್ಲ. ಕಣ್ಣಿನಿಂದ ಕಂಡು ಅಟ್ಟಿಸಿಕೊಂಡು ಹೋಗುವ ನಾಯಿ. ನೀಳವಾದ ಮೋರೆ, ಆಳವಾದ ಎದೆ, ಬೆನ್ನಿಗೆ ಅಂಟಿದಂತಿರುವ ಹೊಟ್ಟೆ, ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುವ ಬೆನ್ನು, ಮೈತೂಕಕ್ಕೆ ಹೋಲಿಸಿದರೆ ದೊಡ್ಡದಾದ ಹೃದಯ, ಇವೆಲ್ಲವೂ ಓಟಕ್ಕಾಗಿಯೇ ಆದಂಥವು. ಪೂರ್ಣವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲಿಯೂ ಇದರ ನಾಲ್ಕು ಕಾಲುಗಳು ಎರಡು ಸಾರಿ ನೆಲವನ್ನು ಬಿಟ್ಟಿರುವುವು: ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಒಮ್ಮೆ, ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ ಇನ್ನೊಮ್ಮೆ. ಇದರ ವೇಗವು ಗಂಟೆಗೆ 65 ರಿಂದ 70 ಕಿಲೋಮೀಟರುಗಳವರೆಗೂ ಏರುವುದುಂಟು. ಹೆಸರಿನ ಮೊದಲಲ್ಲಿ ಬೂದುಬಣ್ಣವನ್ನು ಸೂಚಿಸುವ ಶಬ್ದವಿರುವಂತೆ ತೋರಿದರೂ, ಹೆಸರು ಬಣ್ಣದಿಂದ ಬಂದುದಲ್ಲವೆಂದು ಭಾಷಾಪಂಡಿತರು ಹೇಳುವರು. ಕಪ್ಪು, ಬಿಳುಪು, ಕಂದು, ಪಟ್ಟೆ, ಹೀಗೆ ನಾನಾ ಬಣ್ಣದ ಗ್ರೇಹೌಂಡುಗಳಿರುವುವು.

ಈ ಜಾತಿಯ ನಾಯಿಗಳನ್ನು ಕುರಿತು ಪ್ರೀತಿಯಿಂದ ಬರೆದ ಪ್ರಾಚೀನರಲ್ಲಿ ಗ್ರೀಕ್ ಗ್ರಂಥಕಾರನಾದ ಆರ್ರಿಯನ್ನನು ಮುಖ್ಯನು. ಅಲೆಕ್ಸಾಂಡರನ ದಂಡಯಾತ್ರೆಯನ್ನೂ ನಮ್ಮ ಭಾರತದ ವರ್ಣನೆಯನ್ನೂ ಬರೆದ ಆರ್ರಿಯನ್ನನೇ ಇವನು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಬೇಟೆಯ ವಿಷಯವಾಗಿ ಒಂದು ಗ್ರಂಥವನ್ನು ರಚಿಸಿ, ಅದರಲ್ಲಿ ಕೆಲ್ಟರು ಸಾಕುತ್ತಿದ್ದ ವೇಗದ ನಾಯಿಗಳನ್ನೂ, ತಾನೇ ಸಾಕಿದ್ದ ಹಾರ್ಮೆ ಎಂಬ ಹೆಣ್ಣುನಾಯಿಯನ್ನೂ ವರ್ಣಿಸಿದನು. ನಾಯಿಯು ಮನುಷ್ಯರ ಜೊತೆಯಲ್ಲಿ ಮಲಗುವುದು ಒಳ್ಳೆಯದೆಂದೂ, ನಿಜವಾದ ಬೇಟೆಗಾರನು ಮೊಲದ ಸಾವನ್ನು ಬಯಸದೆ ಓಟದ ಸೊಗಸನ್ನು ಬಯಸುವನೆಂದೂ ಅವನ ಅಭಿಪ್ರಾಯ. ಇಂದಿಗೆ ಹದಿನೆಂಟು ಶತಮಾನಗಳ ಹಿಂದೆ ಒಬ್ಬನು ಹೇಳಿದ ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ಕಥೆಗೆಲ್ಲ ಇವೇ ಅಳತೆಗೋಲು.

ಫ್ರಾನ್ಸು ದೇಶದ ಲಿಯಾನ್ ಪಟ್ಟಣದ ಸಮೀಪದಲ್ಲಿ ಹದಿಮೂರನೆಯ ಶತಮಾನದ ರೈತರು ಗಿನಫೋರ್ ಎಂಬ ಗ್ರೇಹೌಂಡನ್ನು ಮಕ್ಕಳನ್ನು ಕಾಯುವ ಸಂತನೆಂದು ನಂಬಿ ಪೂಜಿಸುತ್ತಿದ್ದರು. ಅದರ ಕಥೆಯು ಹೀಗೆ: ಸರದಾರನೊಬ್ಬನ ಮನೆಯಲ್ಲಿ ಹಿರಿಯರಾರೂ ಇಲ್ಲದ ಹೊತ್ತಿನಲ್ಲಿ ತೊಟ್ಟಿಲ ಬಳಿಗೆ ಹಾವೊಂದು ಬಂದಿತು. ನಾಯಿಯು ಹಾವಿನೊಡನೆ ಹೋರಾಡಿ ಕೊಂದಿತು. ಆ ಹೋರಾಟದಲ್ಲಿ ತೊಟ್ಟಿಲು ಮಗುಚಿತು. ಮನೆಗೆ ಬಂದ ಸರದಾರನು ನಾಯಿಯ ಬಾಯಲ್ಲಿ ರಕ್ತವನ್ನು ಕಂಡು, ಮಗುವನ್ನು ಕೊಂದಿತೆಂದು ಭಾವಿಸಿ ಕತ್ತಿಯಿಂದ ಕಡಿದನು. ಮಗುವು ತೊಟ್ಟಿಲಿನ ಕೆಳಗೆ ಸುಖವಾಗಿ ಮಲಗಿತ್ತು! ಇದನ್ನು ಓದುತ್ತಿರುವಂತೆಯೇ ನಮ್ಮ ಗೃಹಿಣಿಯರಿಗೆ ಪಂಚತಂತ್ರದ ಬ್ರಾಹ್ಮಣನ ಮನೆಯ ಮುಂಗುಸಿಯ ಕಥೆಯು ನೆನಪಿಗೆ ಬಾರದೆ ಇರದು. ಕಥೆಯೊಂದೇ, ಊರು ಬೇರೆ, ಪ್ರಾಣಿ ಬೇರೆ. ವೇಲ್ಸ್ ಪ್ರಾಂತದವರು ಇದನ್ನೇ ಗೆಲರ್ಟ್ ಎಂಬ ಬೇಟೆನಾಯಿಯ ಮೇಲೆ ಹೇಳುವರು. ಅಲ್ಲಿ ಹಾವಿನ ಸ್ಥಾನದಲ್ಲಿ ತೋಳ ಬರುವುದು. ದುಡುಕಿ ಕೈಯೆತ್ತಿದವನು ಕಡೆಗೆ ಅಳಬೇಕಾಗುವುದೆಂಬ ನೀತಿಯು ಎಲ್ಲ ದೇಶದ ಅಜ್ಜಿಯರಿಗೂ ತಿಳಿದಿತ್ತೆಂದು ತೋರುವುದು.

ಅರಸರೂ ಈ ಕುಲವನ್ನು ಆದರಿಸಿದರು. ಪ್ರಶ್ಯದ ಅರಸನಾದ ಎರಡನೆಯ ಫ್ರೆಡರಿಕನು ಇದೇ ಕುಲದ ಚಿಕ್ಕ ತಳಿಯಾದ ಇಟಾಲಿಯನ್ ಗ್ರೇಹೌಂಡುಗಳನ್ನು ಸಾಕಿ, ತಾನು ಸತ್ತಾಗ ಸಾನ್ ಸೂಸಿ ಅರಮನೆಯ ಜಗಲಿಯಲ್ಲಿ ಅವುಗಳ ಪಕ್ಕದಲ್ಲಿಯೇ ತನ್ನನ್ನು ಹೂಳಬೇಕೆಂದು ಬಯಸಿದ್ದನು. 1786ರಲ್ಲಿ ಅವನು ತೀರಿಕೊಂಡಾಗ ಉತ್ತರಾಧಿಕಾರಿಯು ಅದನ್ನು ನಡೆಸಲಿಲ್ಲ. 1991ರ ಆಗಸ್ಟ್ 17ರಂದು, ಅಂದರೆ 205 ವರ್ಷಗಳ ತರುವಾಯ, ಅರಸನ ಕೋರಿಕೆಯು ನೆರವೇರಿತು.

ಇನ್ನು ಜನಸಾಮಾನ್ಯರ ವಿನೋದದ ಮಾತು. ಇಂಗ್ಲೆಂಡಿನ ಲಿವರ್‌ಪೂಲ್ ಬಳಿಯ ಆಲ್ಟ್‌ಕಾರ್ ಬಯಲಿನಲ್ಲಿ 1836ರಿಂದ ವಾಟರ್‌ಲೂ ಕಪ್ ಎಂಬ ಪಂದ್ಯವು ನಡೆಯತೊಡಗಿತು. ಜೀವಂತ ಮೊಲವನ್ನು ಬಿಟ್ಟು, ಅದರ ಹಿಂದೆ ಎರಡು ನಾಯಿಗಳನ್ನು ಓಡಿಸಿ, ಅವುಗಳ ಚಾತುರ್ಯಕ್ಕೆ ಅಂಕಗಳನ್ನು ಕೊಡುವ ಪಂದ್ಯವದು. ಐರ್ಲೆಂಡಿನ ಮಾಸ್ಟರ್ ಮೆಗ್ರಾ ಎಂಬ ನಾಯಿಯು 1868, 1869, 1871ರಲ್ಲಿ ಮೂರು ಸಾರಿ ಗೆದ್ದು, ವಿಕ್ಟೋರಿಯಾ ರಾಣಿಯ ದರ್ಶನಕ್ಕೂ ಪಾತ್ರವಾಯಿತು. ಅದರ ಮೇಲೆ ಕಟ್ಟಿದ ಲಾವಣಿಯನ್ನು ಐರಿಷರು ಇಂದಿಗೂ ಹಾಡುವರು. ಆದರೆ ಆ ವಿನೋದದಲ್ಲಿ ಮೊಲದ ಪಾಡೇನು? ಅಮೆರಿಕದ ಓವೆನ್ ಪ್ಯಾಟ್ರಿಕ್ ಸ್ಮಿತ್ ಎಂಬಾತನು ಜೀವಂತ ಮೊಲಕ್ಕೆ ಬದಲಾಗಿ ಕಂಬಿಯ ಮೇಲೆ ಓಡುವ ಯಂತ್ರದ ಮೊಲವನ್ನು ಕಲ್ಪಿಸಿ, 1919ರಲ್ಲಿ ಕ್ಯಾಲಿಫೋರ್ನಿಯದ ಎಮೆರಿವಿಲ್ ಎಂಬಲ್ಲಿ ಅಂತಹ ಓಟದ ಮೈದಾನವನ್ನು ತೆರೆದನು. ಆರ್ರಿಯನ್ನನ ಮಾತಿಗೆ ಯಂತ್ರದಿಂದ ರೂಪು ಬಂದಂತಾಯಿತು.

1926ರ ಜುಲೈ 24ರಂದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ ಬ್ರಿಟನ್ನಿನ ಪ್ರಥಮ ಯಂತ್ರಮೊಲದ ಓಟವು ನಡೆಯಿತು. ಆ ದಿನ ಸುಮಾರು 1,700 ಮಂದಿ ಬಂದಿದ್ದರು. ಕೆಲವು ವಾರಗಳಲ್ಲಿಯೇ ಸಾವಿರಾರು ಜನರು ನೆರೆಯತೊಡಗಿದರು. ಕುದುರೆಯ ಜೂಜು ಹಗಲಿನದು, ಬಹುಮಟ್ಟಿಗೆ ಸಿರಿವಂತರದು, ಊರ ಹೊರಗಿನದು. ನಾಯಿಯ ಓಟವೋ ಪಟ್ಟಣದ ನಡುವೆ, ದೀಪದ ಬೆಳಕಿನಲ್ಲಿ, ಕಾರ್ಖಾನೆಯ ಗಂಟೆ ಬಾರಿಸಿದ ಮೇಲೆ ನಡೆಯುವುದು. ಮೇಲಾಗಿ, ಮೈದಾನದ ಹೊರಗೆ ನಗದು ಪಣವೊಡ್ಡುವುದು ಅಂದಿನ ಬ್ರಿಟನ್ನಿನಲ್ಲಿ ಅಪರಾಧವಾಗಿದ್ದು, ಮೈದಾನದೊಳಗೆ ಅದಕ್ಕೆ ಅವಕಾಶವಿದ್ದಿತು. ಕೂಲಿಕಾರರು ಹೆಂಡತಿಯರನ್ನು ಕರೆದುಕೊಂಡು ನಾಯಿಯ ಓಟಕ್ಕೆ ಹೋಗುವುದು ವಾಡಿಕೆಯಾಯಿತು. ವಾರದ ಸಂಬಳವು ಮನೆಗೆ ಬರುವ ಮುನ್ನ ಮೈದಾನದಲ್ಲಿಯೇ ಕರಗುವುದೆಂದು ಪಾದ್ರಿಗಳೂ ಸಮಾಜಹಿತೈಷಿಗಳೂ ಮೊರೆಯಿಟ್ಟರು. ಆ ಮೊರೆಯಲ್ಲಿ ಹುರುಳಿಲ್ಲದೆ ಇರಲಿಲ್ಲ.

ಈ ಕಾಲದ ವೀರನೆಂದರೆ ಮಿಕ್ ದ ಮಿಲ್ಲರ್. 1926ರಲ್ಲಿ ಐರ್ಲೆಂಡಿನ ಕಿಲ್ಲೇ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬನ ಮನೆಯಲ್ಲಿ ಹುಟ್ಟಿದ ಈ ನಾಯಿಯು ಎಳೆತನದಲ್ಲಿ ರೋಗಕ್ಕೆ ತುತ್ತಾಗಿ ಸಾವಿನ ಬಾಗಿಲಿಗೆ ಹೋಗಿ ಬಂದಿತ್ತು. 1929ರಲ್ಲಿ ಲಂಡನ್ನಿಗೆ ಬಂದು, 525 ಗಜಗಳ ದೂರವನ್ನು 29.82 ಸೆಕೆಂಡುಗಳಲ್ಲಿ ಓಡಿ, ಮೂವತ್ತರೊಳಗೆ ಮುಗಿಸಿದ ಮೊದಲನೆಯ ನಾಯಿಯೆಂಬ ಕೀರ್ತಿಯನ್ನು ಪಡೆಯಿತು. ಆ ವರ್ಷವೂ ಮರುವರ್ಷವೂ ಡರ್ಬಿ ಪಂದ್ಯವನ್ನು ಗೆದ್ದಿತು. ಒಬ್ಬನು 800 ಗಿನಿಗಳಿಗೆ ಕೊಂಡ ನಾಯಿಯನ್ನು ಇನ್ನೊಬ್ಬನು 2,000 ಗಿನಿಗಳಿಗೆ ಕೊಂಡನು. 1934ರಲ್ಲಿ ‘ವೈಲ್ಡ್ ಬಾಯ್’ ಎಂಬ ಸಿನಿಮಾದಲ್ಲಿ ನಾಯಕನ ಪಾತ್ರವೂ ಅದಕ್ಕೆ ದೊರೆಯಿತು. 1939ರಲ್ಲಿ ಸತ್ತ ಮೇಲೆ ಅದರ ದೇಹವನ್ನು ಕೆಡದಂತೆ ಸಂಸ್ಕರಿಸಿದರು. ಟ್ರಿಂಗ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇರಿಸಿರುವರು.

ಈ ಓಟಕ್ಕೆ ಎಷ್ಟು ಪ್ರಾಬಲ್ಯವಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. 1966ರಲ್ಲಿ ಇಂಗ್ಲೆಂಡಿನಲ್ಲಿ ಕಾಲ್ಚೆಂಡಿನ ವಿಶ್ವಪಂದ್ಯಗಳು ನಡೆದಾಗ, ಉರುಗ್ವೆ ಮತ್ತು ಫ್ರಾನ್ಸುಗಳ ಆಟವು ವೆಂಬ್ಲಿಯಲ್ಲಿ ನಡೆಯಲಿಲ್ಲ. ಆ ಸಂಜೆಯ ನಾಯಿಯ ಓಟವನ್ನು ಬಿಡಲು ಮೈದಾನದವರು ಒಪ್ಪದ ಕಾರಣ, ಆಟವನ್ನು ವೈಟ್ ಸಿಟಿಗೆ ಸಾಗಿಸಬೇಕಾಯಿತು. 1994ರಲ್ಲಿ ‘ಬ್ಲರ್’ ಎಂಬ ಗಾಯಕರ ತಂಡವು ತನ್ನ ‘ಪಾರ್ಕ್‌ಲೈಫ್’ ಎಂಬ ಗೀತಸಂಪುಟಕ್ಕೆ ಮುಖಚಿತ್ರವಾಗಿ ಆರಿಸಿದ್ದೂ ಬಾಯಿಕುಕ್ಕೆ ಕಟ್ಟಿಕೊಂಡು ಓಡುವ ಗ್ರೇಹೌಂಡುಗಳನ್ನೇ. ಆ ವೇಳೆಗೆ ಓಟದ ವೈಭವವು ಇಳಿಮುಖವಾಗಿತ್ತು. ವೈಟ್ ಸಿಟಿಯನ್ನು 1985ರಲ್ಲಿ ಕೆಡವಿದರು. ವಾಲ್ತಮ್‌ಸ್ಟೋ 2008ರಲ್ಲಿ ಮುಚ್ಚಿತು. ಮೊದಲು ತೆರೆದ ಬೆಲ್ ವ್ಯೂ 2020ರಲ್ಲಿ ತನ್ನ ಓಟವನ್ನು ಮುಗಿಸಿತು.

ಅಮೆರಿಕದಲ್ಲಿ ಈ ಹೆಸರು ಬಸ್ಸಿನ ಮೇಲೆ ಏರಿತು. ಸ್ವೀಡನ್ನಿನಿಂದ ವಲಸೆ ಬಂದ ಕಾರ್ಲ್ ವಿಕ್‌ಮನ್ 1914ರಲ್ಲಿ ಮಿನೆಸೋಟದ ಹಿಬ್ಬಿಂಗ್ ಎಂಬ ಊರಿನಲ್ಲಿ ಕಬ್ಬಿಣದ ಗಣಿಯ ಕೂಲಿಗಾರರನ್ನು ತಲೆಗೆ 15 ಸೆಂಟುಗಳಂತೆ ಒಂದು ಮೋಟಾರಿನಲ್ಲಿ ಸಾಗಿಸತೊಡಗಿದನು. ಅದೇ ಬೆಳೆದು ದೇಶವ್ಯಾಪಿಯಾದ ಗ್ರೇಹೌಂಡು ಬಸ್ ಸಂಸ್ಥೆಯಾಯಿತು. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಎಂಬ ಪ್ರಸಿದ್ಧ ಸಿನಿಮಾದಲ್ಲಿ ಸಿರಿವಂತನ ಮಗಳು ಮನೆ ಬಿಟ್ಟು ರಾತ್ರಿಯ ಬಸ್ಸನ್ನು ಹತ್ತುವಳು. 1956ರ ಹಿಂದಿಯ ‘ಚೋರಿ ಚೋರಿ’ಯನ್ನು ನೋಡಿದವರಿಗೆ ಆ ಕಥೆಯು ಹೊಸದಲ್ಲ. 1961ರ ಮೇ 14ರಂದು, ಕರಿಯರಿಗೂ ಬಿಳಿಯರಿಗೂ ಸಮಾನ ಹಕ್ಕನ್ನು ಬೇಡಿ ಹೊರಟ ಸತ್ಯಾಗ್ರಹಿಗಳಿದ್ದ ಗ್ರೇಹೌಂಡು ಬಸ್ಸಿಗೆ ಅಲಬಾಮದ ಆನಿಸ್ಟನ್ ಬಳಿ ದುಷ್ಟರ ಗುಂಪೊಂದು ಬೆಂಕಿಯಿಟ್ಟಿತು. ಆ ಚಿತ್ರವು ಪತ್ರಿಕೆಗಳ ಮೂಲಕ ಲೋಕವನ್ನೆಲ್ಲ ಸುತ್ತಿತು. ಅಂದಿನಿಂದ ಆ ಓಡುವ ನಾಯಿಯ ಲಾಂಛನಕ್ಕೆ ಇತಿಹಾಸದಲ್ಲಿಯೂ ಒಂದು ಸ್ಥಾನವಾಯಿತು.

ಇಷ್ಟಾಗಿಯೂ, ಓಡಿ ಸೋತ ನಾಯಿಯ ಗತಿಯನ್ನು ಕೇಳುವವರು ಬಹುಕಾಲ ವಿರಳವಾಗಿದ್ದರು. ಹತ್ತು ಹನ್ನೆರಡು ವರ್ಷ ಬಾಳತಕ್ಕ ಪ್ರಾಣಿಯು ಮೂರು ನಾಲ್ಕು ವರ್ಷದ ಪ್ರಾಯಕ್ಕೇ ಓಟಕ್ಕೆ ಬಾರದಾಗುವುದು. ಆಮೇಲೇನು? ಈ ಪ್ರಶ್ನೆಯನ್ನು ಮನೆಮನೆಗೂ ಮುಟ್ಟಿಸಿದುದು, ಆಶ್ಚರ್ಯವೆಂದರೆ, ಮೊದಲು ಹೇಳಿದ ಆ ವ್ಯಂಗ್ಯಚಿತ್ರವೇ. 1989ರ ಡಿಸೆಂಬರ್ 17ರಂದು ‘ದ ಸಿಂಪ್ಸನ್ಸ್’ ಮಾಲೆಯ ಪ್ರಥಮ ಕಥೆಯು ಪ್ರಸಾರವಾಯಿತು. ಹಬ್ಬದ ಉಡುಗೊರೆಗೆ ಕಾಸಿಲ್ಲದ ತಂದೆಯು ಮಗನೊಡನೆ ನಾಯಿಯ ಓಟಕ್ಕೆ ಹೋಗಿ, ಕೂಲಿಯಿಂದ ಬಂದ ಹದಿಮೂರು ಡಾಲರುಗಳನ್ನೂ ಒಂದು ನಾಯಿಯ ಮೇಲೆ ಕಟ್ಟುವನು. ಅದು ಕಟ್ಟಕಡೆಗೆ ಬರುವುದು. ಒಡೆಯನು ಅದನ್ನು ಬೈದು ಅಟ್ಟಿಬಿಡುವನು. ಅದು ಓಡಿಬಂದು ಸೋತ ತಂದೆಯ ತೋಳಿಗೆ ಹಾರುವುದು. ಇಬ್ಬರೂ ಅದನ್ನು ಮನೆಗೆ ಕರೆತರುವರು. ಮನೆಯವರು ಅದನ್ನೇ ಹಬ್ಬದ ಉಡುಗೊರೆಯೆಂದು ಸಂತೋಷಪಡುವರು. ನಗಿಸಲು ಹೊರಟ ಕಥೆಯು ದೊಡ್ಡ ಸತ್ಯವನ್ನೇ ಹೇಳಿತು.

ಕಥೆಯಲ್ಲಿ ಮನೆ ಸಿಕ್ಕಿತು; ಲೋಕದಲ್ಲಿ ಎಷ್ಟೋ ನಾಯಿಗಳಿಗೆ ಸಿಗಲಿಲ್ಲ. ಇಂಗ್ಲೆಂಡಿನ ಡರ್ಹಮ್ ಪ್ರಾಂತದಲ್ಲಿ ಬೇಡವಾದ ಗ್ರೇಹೌಂಡುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದು ಹೂತಿದ್ದ ಸಂಗತಿಯನ್ನು 2006ರಲ್ಲಿ ಒಂದು ಪತ್ರಿಕೆಯು ಬಯಲಿಗೆಳೆಯಿತು. 2015ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಎ.ಬಿ.ಸಿ. ದೂರದರ್ಶನವು, ಕೆಲವು ತರಬೇತುಗಾರರು ನಾಯಿಗಳಿಗೆ ಹುರುಪೇರಿಸಲು ಜೀವಂತ ಮೊಲವನ್ನೂ ಹಂದಿಮರಿಯನ್ನೂ ಯಂತ್ರಕ್ಕೆ ಕಟ್ಟಿ ಓಡಿಸುವುದನ್ನು ಗುಪ್ತವಾಗಿ ಚಿತ್ರಿಸಿ ತೋರಿಸಿತು. ಮೊಲವನ್ನು ಉಳಿಸಬಲ್ಲ ಯಂತ್ರಕ್ಕೇ ಮೊಲವನ್ನು ಕಟ್ಟಿದರೆಂದರೆ ಲೋಭಕ್ಕೆ ಮಿತಿಯೆಲ್ಲಿ? ಯಾವ ಪತ್ರಿಕೆ, ಯಾವ ದೂರದರ್ಶನ ಈ ನಾಯಿಯನ್ನು ಮೆರೆಸಿದುವೋ ಅವೇ ಅದರ ಪರವಾಗಿ ಸಾಕ್ಷಿ ನುಡಿದುವು. ಫಲವೂ ಕಂಡಿತು. ಇಂಗ್ಲೆಂಡಿನಲ್ಲಿ ಮೊಲದ ಬೇಟೆಯ ಪಂದ್ಯವನ್ನು ಕಾಯಿದೆಯು ತಡೆದು, ವಾಟರ್‌ಲೂ ಕಪ್ 2005ರಲ್ಲಿ ಕೊನೆಗೊಂಡಿತ್ತು. ಅಮೆರಿಕದ ಫ್ಲಾರಿಡ ಸಂಸ್ಥಾನದ ಮತದಾರರು 2018ರಲ್ಲಿ ನಾಯಿಯ ಓಟದ ಜೂಜನ್ನು ನಿಲ್ಲಿಸಲು ತೀರ್ಮಾನಿಸಿದರು. ನ್ಯೂಜಿಲೆಂಡಿನ ಸರಕಾರವು ತನ್ನ ದೇಶದಲ್ಲಿಯೂ ಅದನ್ನು ಕೊನೆಗೊಳಿಸುವುದಾಗಿ 2024ರ ಡಿಸೆಂಬರಿನಲ್ಲಿ ಸಾರಿತು.

ನಿವೃತ್ತವಾದ ನಾಯಿಗಳಿಗೆ ಮನೆಗಳನ್ನು ಹುಡುಕುವ ಧರ್ಮಸಂಸ್ಥೆಯೊಂದು ಬ್ರಿಟನ್ನಿನಲ್ಲಿ 1975ರಲ್ಲಿ ಸ್ಥಾಪಿತವಾಯಿತು. ಅನ್ಯದೇಶಗಳಲ್ಲಿಯೂ ಅಂತಹವು ಹುಟ್ಟಿಕೊಂಡುವು. ಗೂಡಿನಲ್ಲಿಯೇ ಬೆಳೆದ ಈ ನಾಯಿಗಳಲ್ಲಿ ಅನೇಕಕ್ಕೆ ಮನೆಯ ಮೆಟ್ಟಿಲುಗಳೇ ಗೊತ್ತಿರುವುದಿಲ್ಲ. ಕನ್ನಡಿಯನ್ನು ಕಂಡು ಬೆರಗಾಗುವುವು. ನಾಲ್ಕು ದಿನ ಸಾವಧಾನದಿಂದ ಕಲಿಸಿದರೆ ಅವುಗಳಷ್ಟು ಶಾಂತವಾದ ನಾಯಿಯು ದೊರೆಯುವುದು ಕಷ್ಟ. ಗಾಳಿಯ ವೇಗದ ಈ ಪ್ರಾಣಿಯು ದಿನದ ಬಹುಭಾಗವನ್ನು ಮೆತ್ತನೆಯ ಜಾಗದಲ್ಲಿ ನಿದ್ರಿಸಿ ಕಳೆಯುವುದೆಂದು ಸಾಕಿದವರು ನಗುತ್ತ ಹೇಳುವರು. ಮನುಷ್ಯರ ಜೊತೆಯಲ್ಲಿ ಮಲಗಿಸಿಕೊಳ್ಳಿರೆಂದು ಆರ್ರಿಯನ್ನನು ಹೇಳಿದ್ದನ್ನು ಜನರು ತಡವಾಗಿಯಾದರೂ ಆಚರಣೆಗೆ ತಂದರು.

ನಮಗೂ ಇದರಿಂದ ಕಲಿಯತಕ್ಕದ್ದುಂಟು. ನಮ್ಮ ಮುಧೋಳದ ನಾಯಿಯೂ ಕಣ್ಣಿನಿಂದ ಬೇಟೆಯಾಡುವ ಕುಲದ್ದೇ. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂದಿತು. ಸೈನ್ಯವೂ ಅದನ್ನು ತರಬೇತಿಗೆ ತೆಗೆದುಕೊಂಡಿತು. ಹೆಸರು ಕೇಳಿ, ಚಿತ್ರ ನೋಡಿ, ಪಟ್ಟಣದ ಇಕ್ಕಟ್ಟಾದ ಮನೆಗೆ ಅದರ ಮರಿಯನ್ನು ಕೊಂಡುತರುವವರೂ ಉಂಟು. ಓಡಲು ಬಯಲಿಲ್ಲದ ಮನೆಯಲ್ಲಿ, ಜೊತೆಗಿರಲು ಬಿಡುವಿಲ್ಲದ ಜನರ ನಡುವೆ, ಓಟಕ್ಕೆಂದು ಹುಟ್ಟಿದ ನಾಯಿಯು ಏನು ಸುಖಪಟ್ಟೀತು? ಮರಿಯನ್ನು ತರುವ ಮುನ್ನ ಅದರ ಹತ್ತು ಹನ್ನೆರಡು ವರ್ಷಗಳ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಯಜಮಾನನ ಕರ್ತವ್ಯ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ದೊರೆತಿದ್ದು, ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವುದು. ಮಣಲೆರನೆಂಬ ವೀರನು, ಮೆಚ್ಚಿದ ಒಡೆಯನು ಏನು ಬೇಕೆಂದು ಕೇಳಿದಾಗ, ಊರನ್ನೋ ಹೊನ್ನನ್ನೋ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕಾಳಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಮಣಲೆರನು ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಡಿಸಿದನು. ಕಾಳಿಯು ಗೆದ್ದು ಬದುಕಿ ಬಂದಿದ್ದರೆ ಅವನು ಸಾಕುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಕಲ್ಲು ನಿಲ್ಲಿಸುವುದು ದೊರೆಗಳಿಂದ ಆಗತಕ್ಕ ಕೆಲಸ. ಬದುಕಿರುವಾಗ ಒಂದು ಹಿಡಿ ಅನ್ನವನ್ನೂ, ಮುದಿತನದಲ್ಲಿ ಬೆಚ್ಚನೆಯ ಒಂದು ಮೂಲೆಯನ್ನೂ ಕೊಡುವುದು ನಮ್ಮಂಥ ಗೃಹಸ್ಥರಿಂದಲೂ ಆಗುವುದು.