ನಿಮಗಿದು ಗೊತ್ತೆ? ಸ್ಟೇಷನರಿ ಒಂದಲ್ಲ, ಎರಡು

ಇಂಗ್ಲಿಷಿನಲ್ಲಿ ‘ಸ್ಟೇಷನರಿ’ ಎಂದೇ ಉಚ್ಚರಿಸುವ ಎರಡು ಪದಗಳಿವೆ. ಕಾಗುಣಿತದಲ್ಲಿ ವ್ಯತ್ಯಾಸ ಒಂದೇ ಅಕ್ಷರದ್ದು. ‘ಎ-ಆರ್-ವೈ’ ಎಂದು ಕೊನೆಗೊಳ್ಳುವುದು ಗುಣವಾಚಕ. ಚಲಿಸದ, ನಿಂತಲ್ಲೇ ನಿಂತಿರುವ ಎಂದು ಅದರ ಅರ್ಥ. ಸಿಗ್ನಲ್‌ನಲ್ಲಿ ನಿಂತ ಬಸ್ಸಿಗೆ ಈ ಪದ ಸಲ್ಲುತ್ತದೆ. ‘ಇ-ಆರ್-ವೈ’ ಎಂದು ಮುಗಿಯುವುದು ನಾಮಪದ. ಕಾಗದ, ಪೆನ್ನು, ಲಕೋಟೆ ಮುಂತಾದ ಬರವಣಿಗೆಯ ಸಾಮಗ್ರಿ.

ಎರಡಕ್ಕೂ ಮೂಲ ಲ್ಯಾಟಿನ್. ಮಧ್ಯಯುಗದ ಯುರೋಪಿನಲ್ಲಿ ಅನೇಕ ವ್ಯಾಪಾರಿಗಳು ಊರೂರು ಅಲೆದು ಸರಕು ಮಾರುತ್ತಿದ್ದರು. ಹಾಗೆ ಅಲೆಯದೆ ಒಂದೇ ಕಡೆ, ಹೆಚ್ಚಾಗಿ ವಿಶ್ವವಿದ್ಯಾಲಯಗಳ ಬಳಿ, ಅಂಗಡಿ ಇಟ್ಟುಕೊಂಡಿದ್ದ ಪುಸ್ತಕ ವ್ಯಾಪಾರಿಗೆ ‘ಸ್ಟೇಷನರ್’ ಎಂಬ ಹೆಸರು ಬಂತು. ಅವನು ಮಾರುವ ಸಾಮಾನು ಸ್ಟೇಷನರಿ ಎನಿಸಿತು. ಲಂಡನ್ನಿನ ಸ್ಟೇಷನರ್‌ಗಳ ಸಂಘ 1403ರಲ್ಲಿ ರೂಪುಗೊಂಡಿತು. 1557ರಲ್ಲಿ ರಾಜಸನದು ಪಡೆದ ಈ ಸಂಘ ಇಂಗ್ಲೆಂಡಿನ ಪುಸ್ತಕ ಮುದ್ರಣದ ಮೇಲೆ ಬಹುಕಾಲ ಹಿಡಿತ ಹೊಂದಿತ್ತು.

ನೆನಪಿಡಲು ಸುಲಭ ಉಪಾಯವಿದೆ: ‘ಪೇಪರ್’ ಪದದ ಕೊನೆಯಲ್ಲಿ ಬರುವ ‘ಇ-ಆರ್’ ಅಕ್ಷರಗಳೇ ಕಾಗದ ಮಾರುವ ಅಂಗಡಿಯ ಸ್ಟೇಷನರಿಯಲ್ಲೂ ಇವೆ. ಅಂಗಡಿಯ ಇಂಗ್ಲಿಷ್ ಫಲಕದಲ್ಲಿ ‘ಇ’ ಬದಲು ‘ಎ’ ಬಿದ್ದರೆ, ‘ಚಲಿಸದ’ ಎಂಬ ಅರ್ಥವಷ್ಟೇ ಬರುತ್ತದೆ.