ಸ್ವಹಸ್ತನಿರ್ಮಿತ ವಿಮಾನವೂ ಕಾರ್ಯಾಗಾರದ ಪಾಠಗಳೂ

ವಿಮಾನವೆಂದೊಡನೆ ಮಂಗಳೂರಿನ ಜನರ ಕಣ್ಮುಂದೆ ಬರುವುದು ಬಜಪೆಯ ಗುಡ್ಡದ ನೆತ್ತಿಯ ಮೇಲೆ ಬಂದಿಳಿಯುವ ಬೃಹದ್ಯಂತ. ಅಂಥದನ್ನು ನಿರ್ಮಿಸುವುದು ಮಹಾ ಕಾರ್ಖಾನೆಗಳಿಗಲ್ಲದೆ ಇತರರಿಗೆ ಸಾಧ್ಯವಿಲ್ಲವೆಂಬ ಭಾವನೆಯೂ ಸಹಜವೇ. ಆದರೆ ಪ್ರಪಂಚದಲ್ಲಿ ಯಂತ್ರಬಲದಿಂದ ಹಾರಿದ ಮೊದಲ ವಿಮಾನವನ್ನು ಕಟ್ಟಿದವರು ಸೈಕಲ್ ಅಂಗಡಿಯನ್ನಿಟ್ಟುಕೊಂಡಿದ್ದ ಇಬ್ಬರು ಸೋದರರು. ಇಂದಿಗೂ ಹಲವು ದೇಶಗಳಲ್ಲಿ ಸಾಮಾನ್ಯ ಗೃಹಸ್ಥರು ತಮ್ಮ ಮನೆಯ ಕೊಟ್ಟಿಗೆಯಲ್ಲಿ, ಬಿಡುವಿನ ವೇಳೆಯಲ್ಲಿ, ಒಂದೆರಡು ಆಸನಗಳ ವಿಮಾನಗಳನ್ನು ಕಟ್ಟಿ ಹಾರಿಸುತ್ತಿದ್ದಾರೆ. ಅಮೆರಿಕದ ಕಾನೂನು ಇಂತಹ ವಿಮಾನದ ಕೆಲಸದ ಬಹುಭಾಗವನ್ನು ಹವ್ಯಾಸಿಗಳೇ ಮಾಡಿರಬೇಕೆಂದೂ ಅದು ಅವರ ಶಿಕ್ಷಣಕ್ಕಾಗಿ ಅಥವಾ ವಿನೋದಕ್ಕಾಗಿ ಆಗಿರಬೇಕೆಂದೂ ವಿಧಿಸುತ್ತದೆ. ಈ ವಿದ್ಯೆಯಲ್ಲಿ ಶಿಕ್ಷಣದ ಬಹುಪಾಲು ದೊರೆಯುವುದು ತಪ್ಪುಗಳಿಂದಲೇ ಎಂಬುದು ವಿಚಾರಾರ್ಹ.

ರೈಟ್ ಸೋದರರ ಚರಿತ್ರೆಯೇ ಇದಕ್ಕೆ ಸಾಕ್ಷಿ. 1901ರಲ್ಲಿ ಅವರು ಕಟ್ಟಿದ ಜಾರುವಿಮಾನವು, ಅಂದಿನ ಗ್ರಂಥಗಳ ಲೆಕ್ಕಕ್ಕೆ ಅನುಗುಣವಾಗಿ ಮೇಲೇಳಲಿಲ್ಲ. ಅವರು ನಿರಾಶರಾದರೂ ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ಒಂದು ಮರದ ಪೆಟ್ಟಿಗೆಯಲ್ಲಿ ಗಾಳಿಯನ್ನು ಹಾಯಿಸಿ, ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ತಾವೇ ಪರೀಕ್ಷಿಸಿ, ಹೊಸ ಕೋಷ್ಟಕಗಳನ್ನು ಸಿದ್ಧಪಡಿಸಿಕೊಂಡರು. 1903ರ ನವೆಂಬರಿನಲ್ಲಿ, ಹಾರಾಟದ ಸಮಯ ಸನ್ನಿಹಿತವಾಗಿದ್ದಾಗ, ಪಂಖವನ್ನು ತಿರುಗಿಸುವ ಟೊಳ್ಳು ದಂಡವೊಂದು ಸೀಳಿತು. ಓರ್ವಿಲ್ ರೈಟ್ ದೂರದ ತಮ್ಮ ಊರಿಗೆ ಹಿಂದಿರುಗಿ ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿಸಿಕೊಂಡು ಬಂದರು. ಡಿಸೆಂಬರ್ 17ರಂದು ಆ ವಿಮಾನವು ಮೊದಲು 12 ಸೆಕೆಂಡು, ಕೊನೆಗೆ 59 ಸೆಕೆಂಡು ಹಾರಿತು. ಸೀಳಿದ ದಂಡಕ್ಕೆ ತೇಪೆ ಹಾಕಿ ಆತುರಪಟ್ಟಿದ್ದರೆ ಇತಿಹಾಸವು ಬೇರೆಯಾಗುತ್ತಿತ್ತು.

ಕರ್ನಾಟಕದ ನೆಲದಲ್ಲಿಯೂ ಈ ಮಾರ್ಗದ ಒಂದು ಉಜ್ವಲ ನಿದರ್ಶನವುಂಟು. ಬರ್ಟ್ ರುಟಾನ್ ಎಂಬ ಅಮೆರಿಕದ ವಿನ್ಯಾಸಕಾರರು ಹವ್ಯಾಸಿಗಳಿಗಾಗಿಯೇ 'ಲಾಂಗ್-ಈಝೀ' ಎಂಬ ಎರಡು ಆಸನಗಳ ವಿಮಾನವನ್ನು ರೂಪಿಸಿದರು; ಅದು 1979ರಲ್ಲಿ ಮೊದಲು ಹಾರಿತು. ಇದರ ಪಂಖ ಹಿಂದಕ್ಕಿದ್ದು, ಪುಟ್ಟ ರೆಕ್ಕೆಯೊಂದು ಮೂತಿಯ ಬಳಿ ಇರುತ್ತದೆ. ವೇಗ ಕುಂದಿದಾಗ ಈ ಮುಂದಿನ ರೆಕ್ಕೆಯೇ ಮೊದಲು ಎತ್ತುವ ಬಲವನ್ನು ಕಳೆದುಕೊಳ್ಳುವುದರಿಂದ ಮೂತಿ ತಾನಾಗಿ ಬಾಗಿ, ಪ್ರಧಾನ ರೆಕ್ಕೆಯು ಸುರಕ್ಷಿತವಾಗಿ ಉಳಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಈ ವಿನ್ಯಾಸವನ್ನೇ ಆಧರಿಸಿ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿತು. ಅದು 1987ರಲ್ಲಿ ಆಕಾಶಕ್ಕೇರಿತು. ಗಾಜಿನ ನಾರು ಮತ್ತು ರಾಳದಿಂದ ವಿಮಾನ ಕಟ್ಟುವ ಕೌಶಲವನ್ನು ಕೈಯಾರೆ ಕಲಿಯಲು ಅದು ಪಾಠಶಾಲೆಯಾಯಿತು. ಅದೇ ಸಂಸ್ಥೆಯ 'ಹಂಸ' ತರಬೇತಿ ವಿಮಾನವು 1993ರಲ್ಲಿ ಹಾರಿತು. ಹವ್ಯಾಸಿಯ ನಕ್ಷೆಯೊಂದು ರಾಷ್ಟ್ರೀಯ ಸಂಸ್ಥೆಗೂ ಗುರುವಾಗಬಲ್ಲುದೆಂಬುದು ಇದರಿಂದ ವೇದ್ಯವಾಗುತ್ತದೆ.

ಈ ಬಗೆಯ ನಿರ್ಮಾಣದ ಕ್ರಮ ಹೀಗಿದೆ. ಬೆಂಡಿನಂತೆ ಹಗುರವಾದ ಕೃತಕ ನೊರೆಯ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ಯುತ್ತಾರೆ. ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಹಾಸಿ, ಎಪಾಕ್ಸಿ ಎಂಬ ರಾಳವನ್ನು ಗಟ್ಟಿಕಾರಕದೊಡನೆ ಬೆರೆಸಿ ಸವರುತ್ತಾರೆ. ಕೇಳಲು ಸುಲಭ, ಆದರೆ ಹೆಜ್ಜೆ ಹೆಜ್ಜೆಗೂ ಎಡವುವ ಸಂಭವವಿದೆ. ಗಟ್ಟಿಕಾರಕದ ಪ್ರಮಾಣ ತಪ್ಪಿದರೆ ರಾಳವು ಸರಿಯಾಗಿ ಗಟ್ಟಿಯಾಗುವುದಿಲ್ಲ. ಆಮೇಲೆ ಅದನ್ನು ಕೆರೆದು ತೆಗೆಯದೆ ಗತ್ಯಂತರವಿಲ್ಲ. ರಾಳ ಹೆಚ್ಚಾದರೆ ಬಲ ಹೆಚ್ಚದೆ ಭಾರ ಮಾತ್ರ ಹೆಚ್ಚುತ್ತದೆ. ಕಡಿಮೆಯಾದರೆ ಬಟ್ಟೆ ಒಣಗಿ ಬೆಳ್ಳಗೆ ಉಳಿದು ದುರ್ಬಲವಾಗುತ್ತದೆ. ನೊರೆಗಳಲ್ಲಿಯೂ ಭೇದವುಂಟು: ಪಾಲಿಸ್ಟೈರೀನ್ ನೊರೆಯನ್ನು ಕಾದ ತಂತಿಯಿಂದ ಕೊಯ್ಯಬಹುದು, ಆದರೆ ಪೆಟ್ರೋಲ್ ತಗುಲಿದರೆ ಅದು ಕರಗಿಹೋಗುತ್ತದೆ. ಯುರೆಥೇನ್ ನೊರೆಯು ಪೆಟ್ರೋಲನ್ನು ತಾಳುತ್ತದೆ, ಆದರೆ ಕಾದ ತಂತಿ ಮುಟ್ಟಿದರೆ ವಿಷಾನಿಲವನ್ನು ಉಗುಳುತ್ತದೆ. ಅದನ್ನು ಚಾಕುವಿನಿಂದ ಕೆತ್ತಬೇಕು. ಈ ಭೇದವನ್ನು ಅರಿಯದವನ ಕೈಯಲ್ಲಿ ಇಂಧನ ತೊಟ್ಟಿಯೂ ಅಪಾಯಕರ, ಕಾರ್ಯಾಗಾರವೂ ಅಪಾಯಕರ.

ಕಡಲತೀರದ ಮಂಗಳೂರಿನಲ್ಲಿ ಇನ್ನೊಂದು ವಿಘ್ನವಿದೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತೇವದ ಗಾಳಿಯಲ್ಲಿ ಎಪಾಕ್ಸಿ ಗಟ್ಟಿಯಾಗುವಾಗ ಅದರ ಗಟ್ಟಿಕಾರಕವು ಗಾಳಿಯ ನೀರಾವಿ ಮತ್ತು ಇಂಗಾಲದ ಡಯಾಕ್ಸೈಡಿನೊಡನೆ ಕೂಡಿ, ಮೇಲ್ಮೈಯಲ್ಲಿ ಮೇಣದಂತಹ ಜಿಡ್ಡುಪೊರೆಯನ್ನು ಉಂಟುಮಾಡುತ್ತದೆ. ಕಣ್ಣಿಗೆ ಮೇಲ್ಮೈ ಹೊಳೆಯುತ್ತಿರುವಂತೆ ತೋರುವುದು. ಆದರೆ ಅದರ ಮೇಲೆ ಹಾಸಿದ ಮುಂದಿನ ಪದರವು ಭದ್ರವಾಗಿ ಹಿಡಿಯುವುದಿಲ್ಲ. ನೀರಿನಿಂದ ಚೆನ್ನಾಗಿ ತೊಳೆದು, ಒಣಗಿಸಿ, ಮರಳುಕಾಗದದಿಂದ ಉಜ್ಜಿದ ನಂತರವೇ ಮುಂದುವರಿಯತಕ್ಕದ್ದು. ಆಷಾಢದ ಮಳೆಯಲ್ಲಿ ಆತುರಪಟ್ಟವನು ವೈಶಾಖದಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಪದರಗಳ ನಡುವೆ ಬಿಡಿಸಿಕೊಂಡ ಜಾಗವನ್ನು ಪತ್ತೆ ಮಾಡುವ ಉಪಾಯವು ಮಂಗಳೂರಿಗೆ ಅಪರಿಚಿತವಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಮಂಗಳೂರು ಹೆಂಚು ಜಗತ್ಪ್ರಸಿದ್ಧವಾಯಿತು. ಹೆಂಚನ್ನು ಕೊಳ್ಳುವವನು ಅದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾನೆ. ಚೆನ್ನಾಗಿ ಬೆಂದ ಹೆಂಚು ಕಣಕಣನೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡಕು ದನಿಗೊಡುತ್ತದೆ. ವಿಮಾನ ಕಟ್ಟುವವರು ನಾಣ್ಯದಿಂದ ರೆಕ್ಕೆಯನ್ನು ತಟ್ಟಿ ನೋಡುವುದೂ ಇದೇ ತತ್ತ್ವದ ಮೇಲೆ. ಪದರಗಳು ಕೂಡಿರುವಲ್ಲಿ ನಾದ ಸ್ಪಷ್ಟ. ಬಿಟ್ಟುಕೊಂಡಿರುವಲ್ಲಿ ಅದು ಮಂಕು. ಕಣ್ಣನ್ನು ಬಣ್ಣವು ವಂಚಿಸಬಹುದು, ಕಿವಿಯನ್ನು ವಂಚಿಸುವುದು ಅಷ್ಟು ಸುಲಭವಲ್ಲ.

ಕಾರ್ಯಾಗಾರದ ಒಂದು ಸಣ್ಣ ನಿರ್ಧಾರವು ಎಂತಹ ಪರಿಣಾಮಕ್ಕೆ ದಾರಿಮಾಡಬಹುದೆಂಬುದಕ್ಕೆ ಒಂದು ದುಃಖದ ಉದಾಹರಣೆಯಿದೆ. ಪ್ರಖ್ಯಾತ ಅಮೆರಿಕನ್ ಗಾಯಕ ಜಾನ್ ಡೆನ್ವರ್ ಅವರು 1997ರ ಅಕ್ಟೋಬರ್ 12ರಂದು ತಾವು ಕೊಂಡಿದ್ದ ಲಾಂಗ್-ಈಝೀ ವಿಮಾನವು ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದು ನಿಧನರಾದರು. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಇಂಧನವನ್ನು ಬದಲಿಸುವ ಹಿಡಿಯು ಮೂಲ ನಕ್ಷೆಯಂತೆ ಚಾಲಕನ ಕಾಲುಗಳ ನಡುವೆ ಇರಬೇಕಾಗಿತ್ತು. ಅದನ್ನು ಕಟ್ಟಿದಾತನು ಹಿಡಿಯನ್ನು ಚಾಲಕನ ಎಡಭುಜದ ಹಿಂದಕ್ಕೆ ಇಟ್ಟಿದ್ದನು. ಅದರ ಮೇಲೆ ಗುರುತುಗಳೂ ಇರಲಿಲ್ಲ. ಹಿಂದಿರುಗಿ ಅದನ್ನು ತಿರುಗಿಸಲು ಹೋದಾಗ ಚಾಲಕರ ಗಮನ ವಿಚಲಿತವಾಗಿ ವಿಮಾನವು ಹತೋಟಿ ತಪ್ಪಿತೆಂದು ತನಿಖೆಯು ನಿರ್ಣಯಿಸಿತು. ಇಂಧನದ ಕೊರತೆ ಮುಂತಾದ ಇತರ ಕಾರಣಗಳೂ ಅದರಲ್ಲಿ ಕೂಡಿದ್ದವು. ಪೆಟ್ರೋಲ್ ಕೊಳವೆಯು ಆಸನದ ಬಳಿ ಬರದಿರಲೆಂಬ ಸದುದ್ದೇಶದಿಂದಲೇ ಆ ಬದಲಾವಣೆ ನಡೆದಿತ್ತು. ಸದುದ್ದೇಶವಿದ್ದ ಮಾತ್ರಕ್ಕೆ ತಪ್ಪು ಒಪ್ಪಾಗದು.

ಆದುದರಿಂದ ಅನುಭವಿಗಳು ಕೆಲವು ನಿಯಮಗಳನ್ನು ಪಾಲಿಸುತ್ತಾರೆ. ರಾಳವನ್ನು ಅಂದಾಜಿನಿಂದ ಬೆರೆಸದೆ ತೂಗಿಯೇ ಬೆರೆಸುತ್ತಾರೆ. ಮಿಕ್ಕ ರಾಳದ ಲೋಟಕ್ಕೆ ದಿನಾಂಕ ಬರೆದಿಟ್ಟು, ಅದು ಗಟ್ಟಿಯಾಯಿತೇ ಎಂದು ಮರುದಿನ ನೋಡುತ್ತಾರೆ. ನಿಜವಾದ ಭಾಗಕ್ಕೆ ಕೈಹಾಕುವ ಮೊದಲು ತುಣುಕೊಂದನ್ನು ಮಾಡಿ, ಮುರಿದು ಪರೀಕ್ಷಿಸುತ್ತಾರೆ. ಪ್ರತಿದಿನದ ಕೆಲಸವನ್ನೂ ಕೆಟ್ಟುಹೋದುದನ್ನೂ ದಿನಚರಿಯಲ್ಲಿ ದಾಖಲಿಸುತ್ತಾರೆ. ನಕ್ಷೆಯಿಂದ ಕದಲಬೇಕೆಂದಿದ್ದರೆ ವಿನ್ಯಾಸಕಾರನನ್ನು ಕೇಳುತ್ತಾರೆ. ಮುಖ್ಯವಾಗಿ, ಒಂದು ಭಾಗವನ್ನು ಮುಚ್ಚುವ ಮುನ್ನ ಮತ್ತೊಬ್ಬರಿಗೆ ತೋರಿಸುತ್ತಾರೆ. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದು ದುರ್ಲಭ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ಇಂತಹ ವಿಮಾನವನ್ನು ಹಾರಿಸುವಂತಿಲ್ಲವೆಂಬುದನ್ನೂ ಉತ್ಸಾಹಿ ತರುಣರು ಮರೆಯಬಾರದು.

ಕೆಟ್ಟ ರೆಕ್ಕೆಯೊಂದನ್ನು ಕತ್ತರಿಸಿ ಎಸೆದರೆ ಕೆಲವು ತಿಂಗಳ ಶ್ರಮವೂ ಹಣವೂ ನಷ್ಟವಾಗಬಹುದು. ಅದೇ ದೋಷವನ್ನು ಬಣ್ಣ ಬಳಿದು ಮುಚ್ಚಿದರೆ ನಷ್ಟವಾಗುವುದು ಪ್ರಾಣ. ನೆಲದ ಮೇಲೆ ಒಪ್ಪಿಕೊಂಡ ತಪ್ಪು ಗುರುವಾಗುತ್ತದೆ. ಮುಚ್ಚಿಟ್ಟ ತಪ್ಪು ವಿಮಾನದೊಡನೆ ಆಕಾಶಕ್ಕೇರುತ್ತದೆ. ವಿದ್ಯಾರ್ಥಿಗಳು ವಿಮಾನವನ್ನೇ ಕಟ್ಟಬೇಕೆಂದಿಲ್ಲ. ಪ್ರಯೋಗಶಾಲೆಯ ಸಣ್ಣ ಉಪಕರಣವನ್ನು ಮಾಡುವಾಗಲೂ ತೂಗಿ ನೋಡುವ, ತಟ್ಟಿ ನೋಡುವ, ತೋರಿಸಿ ಕೇಳುವ ಅಭ್ಯಾಸ ಬೆಳೆದರೆ, ಅವರು ಕೈಗೊಳ್ಳುವ ಕೆಲಸ ಯಾವುದೇ ಆಗಲಿ ಭದ್ರವಾಗಿ ನಿಲ್ಲುತ್ತದೆ.