ಎರಡು ನ್ಯಾಸ್ ಇದ್ದರೆ ಬ್ಯಾಕಪ್ ಇದ್ದಂತೆಯೇ?

ಫೋಟೊ ಸ್ಟುಡಿಯೊ, ಆಡಿಟರ್ ಕಚೇರಿ, ಮನೆಗಳಲ್ಲೂ ಈಗ ನ್ಯಾಸ್ ಕಾಣಿಸುತ್ತದೆ. ನೆಟ್‌ವರ್ಕ್‌ನಲ್ಲಿರುವ ಎಲ್ಲರೂ ಫೈಲ್ ಇಡಬಹುದಾದ ಡಿಸ್ಕ್ ಪೆಟ್ಟಿಗೆ ಅದು. ಎರಡನೆಯದನ್ನೂ ಕೊಂಡರೆ ಚಿಂತೆ ಮುಗಿಯಿತು ಅನ್ನುವವರು ಬಹಳ. ಆದರೆ ಫೈಲ್ ಕಳೆದ ದಿನ ಏನು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ನಕಲು ಮಾಡುವ ವಿಧಾನ.

ತಪ್ಪು ಕಲ್ಪನೆ: ರೇಡ್ ಇದೆ, ಬ್ಯಾಕಪ್ ಬೇಡ.
ಸತ್ಯ: ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ರೇಡ್‌ನ ಕೆಲಸ. ನೀವು ಅಳಿಸಿದ ಫೈಲ್ ಎಲ್ಲ ಡಿಸ್ಕ್‌ಗಳಿಂದಲೂ ಆಗಲೇ ಹೋಗಿರುತ್ತದೆ.

ತಪ್ಪು ಕಲ್ಪನೆ: ಸಿಂಕ್ ಮಾಡಿದರೆ ಬ್ಯಾಕಪ್ ಆಯಿತು.
ಸತ್ಯ: ಒಂದು ಕಡೆಯ ಬದಲಾವಣೆಯನ್ನು ಇನ್ನೊಂದು ಕಡೆಗೂ ಒಯ್ಯುವ ಸಿಂಕ್ ಒಳ್ಳೆಯದನ್ನೂ ಕೆಟ್ಟದ್ದನ್ನೂ ಅಷ್ಟೇ ನಿಷ್ಠೆಯಿಂದ ಸಾಗಿಸುತ್ತದೆ. 2021ರ ಏಪ್ರಿಲ್‌ನಲ್ಲಿ 'ಕ್ಯೂಲಾಕರ್' ದಾಳಿಕೋರರು ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ನುಗ್ಗಿ, ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿದ 7-ಝಿಪ್ ಕಡತಗಳೊಳಗೆ ಕೂಡಿಹಾಕಿ ಹಣ ಕೇಳಿದರು. ಹಳೆಯ ಆವೃತ್ತಿ ಉಳಿಸದ ಸಿಂಕ್ ಇದ್ದಲ್ಲಿ ಬೀಗ ಬಿದ್ದ ಫೈಲ್‌ಗಳೇ ಎರಡನೆಯ ಪೆಟ್ಟಿಗೆಗೂ ಹೋಗುತ್ತವೆ. ಆದ್ದರಿಂದ ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ಆವೃತ್ತಿಗಳನ್ನು ಉಳಿಸುವ ವಿಧಾನವೇ ಬೇಕು.

ತಪ್ಪು ಕಲ್ಪನೆ: ಸ್ನ್ಯಾಪ್‌ಶಾಟ್ ಇದ್ದರೆ ಸಾಕು.
ಸತ್ಯ: ಒಂದು ಕ್ಷಣದಲ್ಲಿ ಫೈಲ್‌ಗಳು ಹೇಗಿದ್ದವೋ ಹಾಗೆ ಹಿಡಿದಿಡುವ ಸ್ನ್ಯಾಪ್‌ಶಾಟ್ ಕೂತಿರುವುದು ಮೂಲ ಫೈಲ್ ಇರುವ ಡಿಸ್ಕ್‌ಗಳಲ್ಲೇ. ಪೆಟ್ಟಿಗೆ ಕಳವಾದರೆ ಅದೂ ಹೋಯಿತು. ಅದನ್ನು ಇನ್ನೊಂದು ನ್ಯಾಸ್‌ಗೆ ಕಳಿಸಿದಾಗಲೇ ಬ್ಯಾಕಪ್. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಂಗಳಲ್ಲಿ ಈ ಸೌಲಭ್ಯವಿದೆ. ಎರಡೂ ಕಡೆ ಒಂದೇ ಫೈಲ್ ಸಿಸ್ಟಂ ಇರಬೇಕು.

ತಪ್ಪು ಕಲ್ಪನೆ: ಆರ್‌ಸಿಂಕ್ ಹಳೆಯದು, ಪ್ರತಿ ಸಲ ಎಲ್ಲವನ್ನೂ ಕಳಿಸುತ್ತದೆ.
ಸತ್ಯ: ಫೈಲ್ ನಕಲಿಸುವ ಈ ತಂತ್ರಾಂಶ 1996ರಲ್ಲಿ ಬಂದದ್ದು ನಿಜ. ಆದರೆ ಅದು ಫೈಲ್‌ನ ಗಾತ್ರ, ತಿದ್ದಿದ ಸಮಯ ನೋಡಿ ಬದಲಾಗದ್ದನ್ನು ಬಿಟ್ಟುಬಿಡುತ್ತದೆ. ನೆಟ್‌ವರ್ಕ್ ಮೂಲಕ ಕಳಿಸುವಾಗ ಬದಲಾದ ಫೈಲ್‌ನಲ್ಲೂ ಹೊಸ ಭಾಗವನ್ನಷ್ಟೇ ಸಾಗಿಸಬಲ್ಲದು. ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳಿಗೂ ಸಾಮಾನ್ಯವಾಗಿ ಹೊಂದುತ್ತದೆ. ಭಾರವೆಲ್ಲ ಮೊದಲ ನಕಲಿನದು: 4 ಟಿಬಿ ಸಾಗಿಸಲು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸುಮಾರು 10 ಗಂಟೆ, 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 18 ದಿನಕ್ಕೂ ಹೆಚ್ಚು. ಹಾಗಾಗಿ ಮೊದಲ ನಕಲನ್ನು ಒಂದೇ ಕೋಣೆಯಲ್ಲಿ ಮುಗಿಸಿ, ಆಮೇಲೆ ಪೆಟ್ಟಿಗೆಯನ್ನು ಬೇರೆ ಕಟ್ಟಡಕ್ಕೆ ಒಯ್ಯಿರಿ.

ತಪ್ಪು ಕಲ್ಪನೆ: ದಿನವೂ ಬ್ಯಾಕಪ್ ಓಡುತ್ತಿದೆ, ಭಯವಿಲ್ಲ.
ಸತ್ಯ: 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ಹುಡುಕಿದರೆ ದಿನನಿತ್ಯದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು.

ಹಾಗಾದರೆ ಯಾವುದನ್ನು ಆರಿಸುವುದು? ಎರಡೂ ಕಡೆ ಒಂದೇ ಫೈಲ್ ಸಿಸ್ಟಂ ಇದ್ದರೆ ಸ್ನ್ಯಾಪ್‌ಶಾಟ್ ರವಾನೆ. ಬೇರೆಯಾಗಿದ್ದರೆ ಆರ್‌ಸಿಂಕ್; ಅದು ತಾನಾಗಿ ಹಳೆಯ ಆವೃತ್ತಿ ಇಡುವುದಿಲ್ಲವಾದ್ದರಿಂದ ಸ್ವೀಕರಿಸುವ ನ್ಯಾಸ್‌ನಲ್ಲಿ ಸ್ನ್ಯಾಪ್‌ಶಾಟ್ ಹಾಕಿಡಿ. ನ್ಯಾಸ್ ಕಂಪನಿಯದೇ ಬ್ಯಾಕಪ್ ತಂತ್ರಾಂಶ ಬಳಸುವುದಾದರೆ ಆವೃತ್ತಿ, ಗೂಢಲಿಪಿ ಎರಡೂ ಸಿಗುತ್ತವೆ. ಆದರೆ ಹಲವು ಸಲ ಆ ಬ್ಯಾಕಪ್ ತೆರೆಯಲು ಅದೇ ತಂತ್ರಾಂಶ ಬೇಕು, ಕೀಲಿ ಕಳೆದರೆ ಫೈಲೂ ಕಳೆದಂತೆ. ಸಾಧ್ಯವಿದ್ದರೆ ಎರಡನೆಯ ನ್ಯಾಸ್ ತಾನೇ ಫೈಲ್‌ಗಳನ್ನು ಎಳೆದುಕೊಳ್ಳಲಿ. ಆಗ ಮೊದಲನೆಯದಕ್ಕೆ ನುಗ್ಗಿದವರಿಗೆ ಎರಡನೆಯದರ ಪಾಸ್‌ವರ್ಡ್ ಅಲ್ಲಿ ಸಿಗದು. ಯಾವ ವಿಧಾನವಾದರೂ ತಿಂಗಳಿಗೊಮ್ಮೆ ಒಂದು ಫೋಲ್ಡರ್ ವಾಪಸ್ ತಂದು, ಫೈಲ್‌ಗಳು ತೆರೆಯುತ್ತವೆಯೇ ನೋಡಿ.